ಬಿಚ್ಚದ ಸುಳಿಯ ಬಗ್ಗೆ ಮಗಳಿಗೆ

ಬೀದರ

ಚಿ. ಸೌ. ಮಗಳಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಪತ್ರ ಮುಟ್ಟಿತು. ಮನೆಯ ಸಮಾಚಾರವನ್ನೆಲ್ಲ ಅಣ್ಣ ಫೋನಿನಲ್ಲಿ ಹೇಳುತ್ತಲೇ ಇರುತ್ತಾನೆ, ಅದನ್ನು ಬಿಡುತ್ತೇನೆ. ಗೇಟಿನ ಪಕ್ಕ ನೆಟ್ಟ ರಾಯಲ್ ಪಾಮ್‌ನ ಕೆಳಗಿನ ಗರಿಗಳು ಹಳದಿಯಾದದ್ದನ್ನು ಪುಟ ತುಂಬ ಬರೆದು, ಕೊನೆಗೆ ಒಂದೇ ಸಾಲು ಸೇರಿಸಿದ್ದೀಯೆ: ‘ನಡುವಿನ ಸುಳಿ ಯಾಕೋ ಬಿಚ್ಚುತ್ತಿಲ್ಲ, ಗಿಡ ಹೋಗಿಬಿಡುತ್ತದೆಯೇ ಕಾಕಾ?’ ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಹಳದಿ ಗರಿಗೆ ಹೆದರಬೇಡ. ಕಿತ್ತು ತರುವಾಗ ಬೇರು ಕಡಿದಿರುತ್ತದೆ, ಹೊಸ ಬೇರು ಬರುವ ತನಕ ಗಿಡ ಹಳೆಯ ಗರಿಯ ಸತ್ವವನ್ನೇ ಹೀರಿ ಬದುಕಬೇಕು. ಅದಕ್ಕೇ ಅವನ್ನು ಕತ್ತರಿಸಲೂ ಬೇಡ, ತಾವಾಗಿ ಒಣಗಲಿ. ಸುಳಿಯ ಮಾತು ಬೇರೆ. ಬೇವಿನ ತಲೆ ಕಡಿದರೆ ಪಕ್ಕದಲ್ಲಿ ಚಿಗುರುತ್ತದೆ. ತೆಂಗಿನ ಬಳಗದ ಈ ಜಾತಿಗೆ ಇರುವುದು ಒಂದೇ ಸುಳಿ.

ಹಳೆಯ ಮನೆಯ ಹಿತ್ತಲಿನಲ್ಲಿ ನಿನ್ನ ಆಯಿ, ನಮ್ಮ ಅವ್ವ, ಒಂದು ತೆಂಗಿನ ಸಸಿ ಬೆಳೆಸಿದ್ದಳು. ನೀನು ನೋಡಿಲ್ಲ. ನಾನಾಗ ಯಾದಗಿರಿಯಲ್ಲಿ ನೌಕರಿಯಲ್ಲಿದ್ದೆ. ಮಳೆಗಾಲದಲ್ಲಿ ರಜೆಗೆ ಬಂದಾಗ ಸುಮ್ಮನೆ ಸುಳಿ ಹಿಡಿದೆ, ಸಲೀಸಾಗಿ ಕೈಗೆ ಬಂತು. ಬುಡದಲ್ಲಿ ಕಂದು ಲೋಳೆ, ಮೂಗು ಮುಚ್ಚಿಕೊಳ್ಳುವಂಥ ನಾತ. ಸುತ್ತಲಿನ ಗರಿಗಳು ಮಾತ್ರ ಮತ್ತೆ ತಿಂಗಳುಗಟ್ಟಲೆ ಹಚ್ಚಗೇ ಇದ್ದವು. ಅವ್ವ ದಿನವೂ ನೀರು ಹಾಕುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಹೇಳಬೇಕಿತ್ತೇನೋ, ಆ ಮುಖ ನೋಡಿ ಹೇಗೆ ಹೇಳುವುದು?

ಇರಲಿ, ನಿನ್ನನ್ನು ಹೆದರಿಸಲು ಬರೆದದ್ದಲ್ಲ. ಬಿಚ್ಚದ ಸುಳಿಯೆಲ್ಲ ಕೊಳೆತ ಸುಳಿಯಲ್ಲ. ಹೊಸದಾಗಿ ನೆಟ್ಟ ಗಿಡ ಬೇರೂರುವ ತನಕ ಕೆಲವು ತಿಂಗಳು ಮೇಲೆ ಏನೂ ಮಾಡದೆ ನಿಂತಿರುವುದುಂಟು. ಎರಡು ಬೆರಳಿನಲ್ಲಿ ಸುಳಿ ಹಿಡಿದು ಮೆಲ್ಲಗೆ ಎಳೆದು ನೋಡು, ಜೋರು ಮಾಡಬೇಡ. ಗಟ್ಟಿಯಾಗಿದ್ದರೆ ಸುಳಿಯ ಮೇಲೂ ಪಕ್ಕದ ಗರಿಯ ದಂಟಿನ ಮೇಲೂ ಒಂದೇ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆ. ಎರಡು ವಾರ ಬಿಟ್ಟು ಸುಳಿಯ ಗೆರೆ ಮೇಲಕ್ಕೆ ಸರಿದಿದ್ದರೆ ಒಳಗೆ ಜೀವ ನಡೆದಿದೆ ಎಂದೇ ಲೆಕ್ಕ.

ನನಗೆ ಅನುಮಾನ ನಿಮ್ಮ ಕಲಬುರಗಿಯ ಎರೆ ಮಣ್ಣಿನ ಮೇಲೆ. ನಮ್ಮ ಕೆಂಪು ಮಣ್ಣಿನಲ್ಲಿ ಹೊಯ್ದ ನೀರು ಇಳಿದುಹೋಗುತ್ತದೆ. ಎರೆ ಮೇಲೆ ಒಣಗಿ ಬಿರಿದಿದ್ದರೂ ಗೇಣು ಕೆಳಗೆ ಕೆಸರಿರಬಹುದು. ಪೈಪು ಹಿಡಿಯುವ ಮುಂಚೆ ಬುಡದಿಂದ ತುಸು ದೂರ ಅಗೆದು, ಮಣ್ಣು ಮುಟ್ಟಿ ನೋಡಲು ಅಳಿಯಂದಿರಿಗೆ ಹೇಳು. ಬೇಸರಪಟ್ಟರೆ ಬಿಡಲಿ, ಮುದುಕನ ಮಾತು. ಕಾಂಡದ ಬುಡ ಆಳಕ್ಕೆ ಹೂತಿದ್ದರೆ ಮಣ್ಣು ಸರಿಸಿ. ರಾಸಾಯನಿಕ ಗೊಬ್ಬರ ಈಗ ಬೇಡವೇ ಬೇಡ. ತಿಪ್ಪೆಗೊಬ್ಬರದ ರಾಶಿಯೂ ಹತ್ತಿರ ಬೇಡ, ಸುಳಿ ಕೊರೆಯುವ ಕುರುವಾಯಿ ದುಂಬಿ ಅಲ್ಲೇ ಮರಿ ಮಾಡುತ್ತದೆ. ಬಿಚ್ಚಿದ ಗರಿಯಲ್ಲಿ ಕತ್ತರಿಯಾಡಿಸಿದಂತೆ ತ್ರಿಕೋನ ಕಚ್ಚು ಕಂಡರೆ ಅದರದೇ ಕೆಲಸ.

ಸುಳಿ ಕೈಗೆ ಬಂದರೆ? ಬರೆಯಲು ಮನಸ್ಸಿಲ್ಲ. ಕೊಳೆತದ್ದನ್ನು ಹೆರೆದು, ಮೈಲುತುತ್ತ-ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚಿ, ಮಳೆನೀರು ಬೀಳದಂತೆ ಮುಚ್ಚಬೇಕು. ತಳದ ಮೊಳಕೆ ಉಳಿದಿದ್ದರೆ ಗಿಡ ಉಳಿದೀತು. ಸಿಂಪಡಿಸುವುದಾದರೆ ಶೇ. 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಮೈಲುತುತ್ತ ಮತ್ತು ಸುಣ್ಣ ತಲಾ 1 ಕೆ.ಜಿ. ನಿನ್ನ ಒಂದು ಗಿಡಕ್ಕೆ ಅಷ್ಟು ಬೇಡ, ಅದೇ ಲೆಕ್ಕದಲ್ಲಿ ಇಳಿಸಿಕೊ. ನನ್ನ ಮಾತೊಂದನ್ನೇ ನಂಬಬೇಡ, ಸುಳಿಯ ಫೋಟೋ ತೆಗೆದು ನಿಮ್ಮೂರಿನ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸು.

ಎಳೆದು ನೋಡಿದ ದಿನವೇ ಫೋನು ಮಾಡು, ರಾತ್ರಿ ಹೊತ್ತಾದರೂ ಸರಿ. ಅದಕ್ಕೆ ಮೊದಲು ಯಾರು ಹೇಳಿದರೂ ಗಿಡ ಕೀಳಿಸಬೇಡ.

ನಿನ್ನ ಕಾಕಾ