ಆಗಸ್ಟ್ 1ರಿಂದ ಫೋಟೋ ನೋಡಿ ಆಂಟಿಬಯಾಟಿಕ್ ಬರೆಯುವುದಿಲ್ಲ

ನಮಸ್ಕಾರ.

ನಮ್ಮ ಪ್ರಾಣಿ ಕ್ಲಿನಿಕ್ಕಿನಲ್ಲಿ, ವಾಟ್ಸಾಪಿನಲ್ಲಿ ನಾಯಿ-ಬೆಕ್ಕಿನ ಗಾಯದ ಫೋಟೋ ನೋಡಿ ಆಂಟಿಬಯಾಟಿಕ್ ಬರೆಯುವುದನ್ನು ಆಗಸ್ಟ್ 1ರಿಂದ ನಿಲ್ಲಿಸುತ್ತಿದ್ದೇವೆ. ಹಳೇ ಚೀಟಿ ತೋರಿಸಿದರೂ ಅದೇ ಮಾತ್ರೆ ಮತ್ತೆ ಕೊಡುವುದಿಲ್ಲ. ಕಜ್ಜಿ, ಕಿವಿ ಸೋರುವುದು ಪದೇ ಪದೇ ಬರುತ್ತಿದ್ದರೆ ಮೊದಲು ಕಲ್ಚರ್ ಟೆಸ್ಟ್ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಅದಕ್ಕೆ ಯಾವ ಔಷಧಿ ನಾಟುತ್ತದೆ ಅಂತ ನೋಡುವುದು), ಆಮೇಲೆ ಮಾತ್ರೆ. ದೂರದ ಹಳ್ಳಿಗಳಿಂದ ಬರುವವರಿಗೆ ಇದು ಕಷ್ಟ ಅಂತ ಗೊತ್ತು. ಕ್ಷಮಿಸಿ.

"ಮೊದಲೆಲ್ಲ ಒಂದು ಇಂಜೆಕ್ಷನ್ ಹಾಕಿ ಕಳಿಸ್ತಿದ್ರಿ, ಈಗ ಟೆಸ್ಟ್ ಹೆಸರಲ್ಲಿ ದುಡ್ಡು ಮಾಡ್ತೀರಿ." ಈ ಮಳೆಗಾಲದಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ತುಂಬಾ ಬೇಜಾರಾಗಿದೆ. ಈ ಟೆಸ್ಟಿಗೆ ನೀವು ಕೊಡುವ 1,200 ರೂಪಾಯಿಯಲ್ಲಿ 1,050 ಬೆಂಗಳೂರಿನ ಲ್ಯಾಬಿಗೆ ಹೋಗುತ್ತದೆ, ಉಳಿದದ್ದು ಸ್ವಾಬ್ (ಸ್ಯಾಂಪಲ್ ತೆಗೆಯುವ ಹತ್ತಿ ಕಡ್ಡಿ), ಐಸ್ ಡಬ್ಬ, ರಾತ್ರಿ ಬಸ್ಸಿನ ಪಾರ್ಸೆಲ್ಲಿಗೇ ಸರಿಯಾಗುತ್ತದೆ. ನಂಬಿಕೆ ಬರದಿದ್ದರೆ ಲ್ಯಾಬಿನ ಬಿಲ್ ಕೇಳಿ, ತೋರಿಸುತ್ತೇವೆ.

ಟೆಸ್ಟ್ ಯಾಕೆ ಬೇಕು? ನಾಯಿಗಳ ಮೈಮೇಲೆ ಸ್ಟ್ಯಾಫಿಲೊಕಾಕಸ್ ಸೂಡಿಂಟರ್ಮೀಡಿಯಸ್ ಅನ್ನುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಲರ್ಜಿಯಿಂದಲೋ ಚಿಗಟದಿಂದಲೋ ಕೆರೆದು ಚರ್ಮ ಕೆಟ್ಟಾಗ ಅದೇ ಕೀವು ಮಾಡುತ್ತದೆ. ಅದರಲ್ಲಿ ಮೆಥಿಸಿಲಿನ್ ಅನ್ನುವ ಆಂಟಿಬಯಾಟಿಕ್‌ಗೆ ಬಗ್ಗದ ತಳಿ ಸೇರಿಕೊಂಡರೆ, ನಾವು ದಿನಾ ಬಳಸುವ ಸೆಫಲೆಕ್ಸಿನ್ ಮಾತ್ರೆ ಕೊಟ್ಟರೂ ಅಷ್ಟೇ, ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕೊಟ್ಟರೂ ಅಷ್ಟೇ, ನಾಟುವುದಿಲ್ಲ. ಮೊನ್ನೆ ಬಂದ ಲ್ಯಾಬ್ರಡಾರ್‌ಗೆ ಆಗಲೇ ಮೂರು ಆಂಟಿಬಯಾಟಿಕ್ ಕೋರ್ಸ್ ಮುಗಿದಿತ್ತು, ಅದರಲ್ಲಿ ಒಂದು ನಾವೇ ಫೋಟೋ ನೋಡಿ ಬರೆದದ್ದು, ಆ ತಪ್ಪು ನಮ್ಮದೇ. ರಿಪೋರ್ಟ್ ಬಂದಾಗ ನಾವು ದಿನಾ ಬಳಸುವ ಮಾತ್ರೆಗಳ ಮುಂದೆಲ್ಲ 'ಆರ್' ಅಂತ ಇತ್ತು, ಅಂದರೆ ಯಾವುದೂ ನಾಟುವುದಿಲ್ಲ. ಕೊನೆಗೆ ಕ್ರಿಮಿ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಹಚ್ಚಿ, ನೊರೆಯನ್ನು 10 ನಿಮಿಷ ಮೈಮೇಲೇ ಬಿಟ್ಟು, ವಾರಕ್ಕೆ ಮೂರು ಸಲ ಸ್ನಾನ ಮಾಡಿಸಿದ್ದರಿಂದ ವಾಸಿಯಾಯಿತು. ಆ ಮನೆಯವರು ಒಂದು ಸಲವೂ ತಪ್ಪಿಸಲಿಲ್ಲ, ಅವರಿಗೆ ಕೈ ಮುಗಿಯಬೇಕು.

ಬೆಕ್ಕಿನ ವಿಷಯವೂ ಹೇಳಿಬಿಡುತ್ತೇನೆ. ಚಿಕ್ಕ ವಯಸ್ಸಿನ ಬೆಕ್ಕು ಉಚ್ಚೆಗೆ ತಿಣುಕುತ್ತಿದ್ದರೆ ಹೆಚ್ಚಿನ ಸಲ ಅಲ್ಲಿ ಬ್ಯಾಕ್ಟೀರಿಯಾವೇ ಇರುವುದಿಲ್ಲ. ಆಂಟಿಬಯಾಟಿಕ್ ಕೊಟ್ಟರೆ ಸುಮ್ನೆ ದಂಡ.

ಜ್ವರ ಜಾಸ್ತಿ ಇದ್ದು ಸುಸ್ತಾಗಿರುವ ಪ್ರಾಣಿಯನ್ನು ರಿಪೋರ್ಟಿಗಾಗಿ ನಾಲ್ಕೈದು ದಿನ ಕಾಯಿಸುವುದಿಲ್ಲ, ಸ್ಯಾಂಪಲ್ ತೆಗೆದು ಅವತ್ತೇ ಚಿಕಿತ್ಸೆ ಶುರು ಮಾಡುತ್ತೇವೆ. 1,200 ಒಟ್ಟಿಗೆ ಕೊಡಲು ಆಗದಿದ್ದರೆ ಕೌಂಟರಿನಲ್ಲಿ ಹೇಳಲು ಸಂಕೋಚ ಬೇಡ, ನೇರವಾಗಿ ನನಗೆ ಹೇಳಿ, ಎರಡು ಕಂತಿನಲ್ಲಿ ಕೊಡಿ. ಗಂಡು ಬೆಕ್ಕಿಗೆ ಉಚ್ಚೆ ಪೂರ್ತಿ ಕಟ್ಟಿದ್ದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿ ಎರಡು ಗಂಟೆಯಾದರೂ ಫೋನ್ ಮಾಡಿ, ಬಾಗಿಲು ತೆಗೆಯುತ್ತೇನೆ.