ಪುಟ್ಟಿಗೆ, ಏಪ್ರಿಲ್ 15ಕ್ಕೆ ಮುಂಚೆ

ಮಾರ್ಚ್ 22

ಪ್ರೀತಿಯ ಪುಟ್ಟಿ,

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ಇದನ್ನು ಅವರಿಗೂ ಓದಿ ಹೇಳು, ಒಂದು ಸಾಲೂ ಬಿಡದೆ. ಫೋನಿನಲ್ಲಿ ಹೇಳಲು ಹೋದರೆ ಅಮ್ಮ ಮಧ್ಯದಲ್ಲಿ "ಊಟ ಆಯ್ತಾ" ಎನ್ನುತ್ತಾಳೆ, ನನಗೆ ಹೇಳಬೇಕಾದ್ದು ಮರೆತೇ ಹೋಗುತ್ತದೆ. ಅದಕ್ಕೇ ಪತ್ರ.

ನೀನು ಕೇಳಿದ್ದು ಒಂದೇ ಮಾತು: "ಅಕ್ಕ, ಓದಲು ಅಮೆರಿಕಕ್ಕೆ ಬರಲಾ ಬೇಡವಾ?" ಎರಡು ಕಡೆ ಸೀಟು ಸಿಕ್ಕಿದೆ. ಒಂದು ಹೆಸರುವಾಸಿ ಯೂನಿವರ್ಸಿಟಿ, ಎರಡು ವರ್ಷದ ಎಂ.ಎಸ್., ಪೂರ್ತಿ ಸಾಲ. ಇನ್ನೊಂದರ ಹೆಸರನ್ನು ನಮ್ಮ ನೆಂಟರಲ್ಲಿ ಯಾರೂ ಕೇಳಿಲ್ಲ. ಆದರೆ ನೇರ ಪಿಎಚ್.ಡಿ., ಫೀಸು ಮಾಫಿ, ತಿಂಗಳು ತಿಂಗಳು ಸ್ಟೈಪೆಂಡು. ಮನೆಯಲ್ಲಿ ಎಲ್ಲರದೂ ಮೊದಲನೆಯದಕ್ಕೇ ಓಟು. ಎಲ್ಲೂ ಹೋಗದೆ ಅಲ್ಲೇ ಇರುವುದು ಅಂತ ಮೂರನೆಯದೂ ಒಂದಿದೆ. ಅದನ್ನು ಯಾರೂ ಬಾಯಿ ಬಿಟ್ಟು ಹೇಳುತ್ತಿಲ್ಲ. ಅಮ್ಮನ ಮನಸ್ಸಿನಲ್ಲಿ ಇರುವುದು ಅದೇ ಅಂತ ನನಗೆ ಅನುಮಾನ.

ಮೊದಲು ಅರ್ಜೆಂಟಿನ ವಿಷಯ. ಪಿಎಚ್.ಡಿ. ಕಡೆಯವರು ಈ ವಾರವೇ ಉತ್ತರ ಕೊಡು ಎಂದು ಮೇಲ್ ಹಾಕಿದ್ದಾರಂತಲ್ಲ, ಗಾಬರಿಯಾಗಬೇಡ. ಇಲ್ಲಿ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಎಂಬ ಸಂಸ್ಥೆಯ ಒಂದು ಒಪ್ಪಂದವಿದೆ. ಸ್ಟೈಪೆಂಡು ಕೊಡುತ್ತೇವೆ ಎಂದು ಕರೆದವರು ಏಪ್ರಿಲ್ 15ಕ್ಕೆ ಮುಂಚೆ ಉತ್ತರ ಬೇಕೇ ಬೇಕು ಎಂದು ಹಟ ಹಿಡಿಯುವಂತಿಲ್ಲ. ಅದಕ್ಕೆ ಸಹಿ ಹಾಕಿದ ಯೂನಿವರ್ಸಿಟಿಗಳ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ. ನಿನ್ನದು ಇದೆಯಾ ನೋಡಿಕೋ. ಇದ್ದರೆ "15ರೊಳಗೆ ತಿಳಿಸುತ್ತೇನೆ" ಎಂದು ಎರಡು ಸಾಲು ಬರೆದು ಹಾಕು, ಸಾಕು. ಸ್ವಂತ ಖರ್ಚಿನ ಎಂ.ಎಸ್.ಗೆ ಮಾತ್ರ ಇದು ನಡೆಯುವುದಿಲ್ಲ. ಅವರ ಪತ್ರದಲ್ಲಿರುವ ತಾರೀಖೇ ತಾರೀಖು.

ಇನ್ನು ನಾನು ನಿಮಗೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ವಿಷಯ.

ನಾನು ಬಂದ ಎರಡನೇ ವರ್ಷ ನನ್ನ ಸಂಶೋಧನೆಯ ಗೈಡ್ ಬೇರೆ ಯೂನಿವರ್ಸಿಟಿಗೆ ಹೊರಟುಹೋದರು. ಬೇಸಿಗೆ ರಜೆ ಮುಗಿಸಿ ಹೋಗಿ ನೋಡಿದರೆ ಅವರ ರೂಮಿನ ಬಾಗಿಲ ಮೇಲೆ ಹೆಸರಿನ ಪಟ್ಟಿ ಇರಲಿಲ್ಲ. ಸ್ಕ್ರೂ ಇದ್ದ ಎರಡು ತೂತು, ಅವುಗಳ ನಡುವೆ ಬಣ್ಣ ಮಾಸದ ಒಂದು ಪಟ್ಟೆ. ಒಳಗೆ ರಟ್ಟಿನ ಡಬ್ಬಗಳು. ಒಂದು ಡಬ್ಬದ ಮೇಲೆ ನಾನು ಮೇ ತಿಂಗಳಲ್ಲಿ ಓದಲು ಕೊಟ್ಟಿದ್ದ ಅಧ್ಯಾಯ, ಹಾಕಿದ್ದ ಕ್ಲಿಪ್ಪು ಕೂಡ ಬಿಚ್ಚಿರಲಿಲ್ಲ. "ನಿನಗೆ ಹೇಳಬೇಕು ಅಂತಲೇ ಇದ್ದೆ" ಅಂದರು. ಆಮೇಲೆ ನಾಲ್ಕು ತಿಂಗಳು ಹೊಸ ಗೈಡಿಗಾಗಿ ಒಂದೊಂದೇ ಬಾಗಿಲು ತಟ್ಟಿದೆ. ಸ್ಟೈಪೆಂಡು ನಿಲ್ಲಬಾರದು ಅಂತ ಮೊದಲ ವರ್ಷದವರ ಉತ್ತರ ಪತ್ರಿಕೆ ತಿದ್ದುತ್ತಾ ಕೂತೆ. ಆಗೆಲ್ಲ ಫೋನಿನಲ್ಲಿ ನಾನು ಹೇಳಿದ್ದು "ಚೆನ್ನಾಗಿದ್ದೀನಿ, ಸ್ವಲ್ಪ ಕೆಲಸ ಜಾಸ್ತಿ" ಅಂತ ಅಷ್ಟೇ.

ಅಮ್ಮಾ, ಬಯ್ಯಬೇಡ. ಅಪ್ಪನ ಕಣ್ಣಿನ ಆಪರೇಷನ್ ಆದದ್ದನ್ನು ನೀನು ಹೇಳಿದ್ದು ನಾಲ್ಕನೇ ದಿನ, ಅದೂ ನಾನು ವಿಡಿಯೋದಲ್ಲಿ ಕಪ್ಪು ಕನ್ನಡಕ ನೋಡಿ ಕೇಳಿದ ಮೇಲೆ. "ನಿನಗೆ ಪರೀಕ್ಷೆ ಇತ್ತಲ್ಲ" ಅಂದೆ. ಆ ಕಡೆಯಿಂದ ನೀವು, ಈ ಕಡೆಯಿಂದ ನಾನು, ಸುದ್ದಿಯನ್ನು ಸೋಸಿ ಸೋಸಿ ಕಳಿಸುತ್ತಾ ಬಂದಿದ್ದೇವೆ. ಪುಟ್ಟಿ, ನೀನು ಬಂದರೆ ನಿನಗೂ ಇದು ಅಭ್ಯಾಸವಾಗುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿ.

ಹಾಗಾಗಿ ಯೂನಿವರ್ಸಿಟಿಯ ಹೆಸರು ಆಮೇಲೆ ನೋಡೋಣ. ಪಿಎಚ್.ಡಿ.ಗೆ ನಿನ್ನ ಗೈಡ್ ಆಗುವ ಪ್ರೊಫೆಸರರ ಹತ್ತಿರ ಈಗ ಇರುವ ವಿದ್ಯಾರ್ಥಿಗಳಲ್ಲಿ ಒಬ್ಬರನ್ನು, ಬಿಟ್ಟು ಹೋದ ಒಬ್ಬರನ್ನು ಮಾತಾಡಿಸು. ಬಿಟ್ಟು ಹೋದವರೇ ಮುಖ್ಯ. "ಗೈಡ್ ಹೇಗೆ" ಅಂದರೆ ಎಲ್ಲರೂ ತುಂಬಾ ಒಳ್ಳೆಯವರು ಅಂತಲೇ ಹೇಳುವುದು. ಬರೆದು ಕೊಟ್ಟದ್ದನ್ನು ಎಷ್ಟು ದಿನಕ್ಕೆ ಓದಿ ಕೊಡುತ್ತಾರೆ ಕೇಳು. ರಜೆಗೆ ಮನೆಗೆ ಹೋಗಿ ಬರುತ್ತೇನೆ ಅಂದಾಗ ಏನಂದರು ಕೇಳು. ಅವರು ಉತ್ತರ ಹೇಳುವ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದರು, ಅದನ್ನೂ ಗಮನಿಸು. ದುಡ್ಡಿನ ವಿಷಯಕ್ಕೆ ಆಫರ್ ಲೆಟರ್ ಇನ್ನೊಮ್ಮೆ ಓದು: ಸ್ಟೈಪೆಂಡು ಎಷ್ಟು ವರ್ಷಕ್ಕೆ, ಬೇಸಿಗೆಯ ಮೂರು ತಿಂಗಳೂ ಸೇರಿದೆಯಾ, ಹೆಲ್ತ್ ಇನ್ಶೂರೆನ್ಸ್ ಯಾರದು. ಎಷ್ಟೋ ಕಡೆ ಒಂಬತ್ತು ತಿಂಗಳಿಗೆ ಮಾತ್ರ ಕೊಡುತ್ತಾರೆ.

ಎಂ.ಎಸ್. ಕಡೆಗೂ ನ್ಯಾಯವಾಗಿ ಹೇಳಬೇಕು. ಬೇಗ ಮುಗಿಯುತ್ತದೆ. ಆಮೇಲೆ ಕೆಲಸ ಮಾಡಲು 12 ತಿಂಗಳು, ನಿನ್ನದು ಎಂಜಿನಿಯರಿಂಗ್ ಆದ್ದರಿಂದ ಅರ್ಜಿ ಹಾಕಿದರೆ ಇನ್ನೂ 24 ತಿಂಗಳು ಸಿಗಬಹುದು. ಆದರೆ ಅಪ್ಪ ಅಂದುಕೊಂಡ ಹಾಗೆ ಓದುತ್ತಾ ಓದುತ್ತಾ ದುಡಿದು ಸಾಲ ತೀರಿಸುವುದು ಆಗದ ಮಾತು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಕ್ಲಾಸು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಅದರಲ್ಲಿ ದಿನದ ಖರ್ಚು ಕಳೆದರೆ ಅದೇ ದೊಡ್ಡದು. ಪಿಎಚ್.ಡಿ.ಗೆ ಐದು ವರ್ಷ ಅನ್ನುತ್ತಾರೆ, ಆರೂ ಆಗುತ್ತದೆ. ಆದರೆ ಮಧ್ಯದಲ್ಲಿ ಸಾಕು ಅನಿಸಿದರೆ ತುಂಬಾ ವಿಭಾಗಗಳಲ್ಲಿ ಎಂ.ಎಸ್. ಪದವಿ ಪಡೆದು ಹೊರಡಬಹುದು, ತಲೆ ಮೇಲೆ ಸಾಲವಿಲ್ಲದೆ. ಇದನ್ನು ಅಪ್ಪನಿಗೆ ಎರಡು ಸಲ ಓದು.

ನನ್ನನ್ನು ಕೇಳಿದರೆ, ಆ ಇಬ್ಬರ ಮಾತು ಸರಿ ಅನಿಸಿದರೆ ಪಿಎಚ್.ಡಿ.ಗೆ ಬಾ. ಅನಿಸದಿದ್ದರೆ ಎರಡನ್ನೂ ಬಿಟ್ಟು ಮುಂದಿನ ವರ್ಷ ಮತ್ತೆ ಅರ್ಜಿ ಹಾಕು. ಜಿಆರ್‌ಇ ಪ್ರವೇಶ ಪರೀಕ್ಷೆಯ ಅಂಕ 5 ವರ್ಷ ನಡೆಯುತ್ತದೆ, ನೀನು ಬರೆದು ಇನ್ನೂ ಒಂದು ವರ್ಷವೂ ಆಗಿಲ್ಲ. ಅಕ್ಕ ಇದ್ದಾಳೆ ಅಂತ ಮಾತ್ರ ಬರಬೇಡ. ಇಬ್ಬರೂ ಅಮೆರಿಕದಲ್ಲಿದ್ದರೆ ಪಕ್ಕದ ಬೀದಿ ಅಂತ ಅಮ್ಮ ತಿಳಿದಿದ್ದಾಳೆ. ನೀನು ಬಂದರೆ ಇರುವ ಜಾಗಕ್ಕೆ ಇಲ್ಲಿಂದ ವಿಮಾನದಲ್ಲೇ ಐದು ಗಂಟೆ, ಗಡಿಯಾರವೂ ಬೇರೆ.

ಗಡಿಯಾರ ಅಂದಾಗ ನೆನಪಾಯ್ತು. ಇಲ್ಲಿ ಈ ತಿಂಗಳು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದಾರೆ. ಭಾನುವಾರ ಎಂಟೂವರೆಗೆ ಬರುತ್ತಿದ್ದ ಫೋನು ಇನ್ನು ಏಳೂವರೆಗೆ ಬರುತ್ತದೆ, ಎದ್ದಿರು. ಅಷ್ಟರಲ್ಲಿ ಒಬ್ಬರ ಜೊತೆಯಾದರೂ ಮಾತಾಡಿರು.

ಅಪ್ಪಾ, ಡಾಕ್ಟರು ಮತ್ತೆ ನೋಡಿದಾಗ ಏನಂದರು ಎನ್ನುವುದನ್ನು ಅವತ್ತು ನೀವೇ ಹೇಳಬೇಕು. ಸೋಸದೆ.

ನಿನ್ನ
ಅಕ್ಕ