ಅಂಗಡಿಯ ಹೆಸರಿರುವ ಸ್ಪ್ಯಾನರ್‌ಗೆ ಅಂಗಡಿಯೇ ಹೊಣೆ ಅಲ್ವಾ?

ಸಂಪಾದಕರೇ,

ಕಳೆದ ಏಪ್ರಿಲ್‌ನಲ್ಲಿ ನಮ್ಮ ಅಡಿಕೆ ತೋಟಕ್ಕೆ ಎರಡು ದಿನ ನೀರು ಹೋಗಲಿಲ್ಲ. ಹೊಂಡದಲ್ಲಿ ನೀರಿತ್ತು, ಕರೆಂಟೂ ಇತ್ತು. ನೀರು ನಿಂತದ್ದು ಬೋಲ್ಟ್ ಬಿಚ್ಚುವ ಒಂದು 17 ಎಂ.ಎಂ. ಸ್ಪ್ಯಾನರ್‌ನಿಂದ. ಇಷ್ಟು ಸಣ್ಣ ವಿಷಯಕ್ಕೆ ಪತ್ರಿಕೆಗೆ ಬರೆಯಬೇಕಾ ಎಂದು ಮನೆಯಲ್ಲೂ ಕೇಳಿದರು. ಆದರೆ ಆ ಸ್ಪ್ಯಾನರ್ ಬಂದ ಟೂಲ್ ಡಬ್ಬವೇ ನಮ್ಮೂರಿನ ಆರೇಳು ಮನೆಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಗರದ ಒಂದು ದೊಡ್ಡ ರಿಯಾಯಿತಿ ಅಂಗಡಿ. ಹೆಸರು ಬೇಡ. ಹಬ್ಬದ ಸಾಮಾನು ತರಲು ಹೋದಾಗ ಬಿಲ್ಲಿಂಗ್ ಕೌಂಟರ್ ಹತ್ತಿರವೇ ಟೂಲ್ ಸೆಟ್ ಜೋಡಿಸಿ ಇಟ್ಟಿದ್ದರು. ಎಂಟು ಸ್ಪ್ಯಾನರ್, ಒಂದು ಕಟಿಂಗ್ ಪ್ಲೇಯರ್, ಎರಡು ಸ್ಕ್ರೂ ಡ್ರೈವರ್, ಒಂದು ಟೆಸ್ಟರ್. ಒಟ್ಟು 399 ರೂಪಾಯಿ. ಎಲ್ಲದರ ಮೇಲೂ ಅಂಗಡಿಯದೇ ಹೆಸರು. ನಾವು ಯಾವಾಗಲೂ ಹೋಗುವ ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ ಸ್ಪ್ಯಾನರ್ ಸೆಟ್‌ಗೇ ಇದರ ಎರಡರಷ್ಟು ಕೊಡಬೇಕು. ಅಕ್ಕಿ, ಬೇಳೆ, ಸೋಪು ಇವರ ಹೆಸರಿನದನ್ನೇ ತರುತ್ತೇವೆ, ಚೆನ್ನಾಗಿಯೇ ಇರುತ್ತದೆ, ಇದೂ ಹಾಗೇ ಇರಬಹುದು ಅಂದುಕೊಂಡೆ. ಮನೆಗೆ ತಂದು ನೋಡಿದರೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಪಂಪಿನ ಡೆಲಿವರಿ ಫ್ಲಾಂಜ್‌ನಲ್ಲಿ, ಅಂದರೆ ನೀರು ಹೊರಹೋಗುವ ಪೈಪ್ ಪಂಪಿಗೆ ಬೋಲ್ಟ್ ಹಾಕಿ ಸೇರುವ ಜಾಗದಲ್ಲಿ, ನೀರು ಜಿನುಗುತ್ತಿತ್ತು. ವಾಷರ್ ಬದಲಾಯಿಸಬೇಕಿತ್ತು, ಅಷ್ಟೇ. ನಾಲ್ಕು ಬೋಲ್ಟ್‌ನಲ್ಲಿ ಎರಡು ಸಲೀಸಾಗಿ ಬಂದವು. ಮೂರನೆಯದಕ್ಕೆ ತುಕ್ಕು ಹಿಡಿದಿತ್ತು. ಸ್ವಲ್ಪ ಜೋರಾಗಿ ಎಳೆದೆ. ಸ್ಪ್ಯಾನರ್ ಮೊದಲು ಬಗ್ಗಿದ ಹಾಗೆ ಆಯಿತು, ಆಮೇಲೆ ಒಂದೇ ಸಲ ಜಾರಿತು. ನನ್ನ ಬೆರಳಿನ ಗೆಣ್ಣುಗಳು ಹೋಗಿ ಫ್ಲಾಂಜ್‌ಗೆ ಬಡಿದವು. ಚರ್ಮ ಕಿತ್ತುಬಂತು, ರಕ್ತ ಸೋರಿತು. ಅದು ವಾರದಲ್ಲಿ ಮಾಯಿತು ಬಿಡಿ. ಸ್ಪ್ಯಾನರ್ ತಿರುಗಿಸಿ ನೋಡಿದರೆ ಅದರ ಬಾಯಿ ಅಗಲವಾಗಿತ್ತು. ಬುಡದಲ್ಲಿ ಸರಿಯಾಗಿಯೇ ಇದೆ, ತುದಿಯಲ್ಲಿ ಕಣ್ಣಿಗೆ ಕಾಣುವಷ್ಟು ತೆರೆದುಕೊಂಡಿದೆ. ಬೋಲ್ಟ್‌ನ ತಲೆಯ ಆರು ಮೂಲೆಯೂ ಸವೆದು ಗುಂಡಗಾಗಿತ್ತು. ಪ್ಲೇಯರ್ ಹಾಕಿ ಹಿಡಿದು ತಿರುಗಿಸಲು ನೋಡಿದೆ, ಅದರ ಕೀಲೇ ಸಡಿಲವಾಗಿ ಎರಡು ಹಲ್ಲೂ ಒಂದಕ್ಕೊಂದು ಕೂರುತ್ತಿರಲಿಲ್ಲ.

ಚನ್ನಗಿರಿಯಿಂದ ಮೆಕ್ಯಾನಿಕ್ ಬಂದದ್ದು ಮಾರನೇ ದಿನ ಸಂಜೆ. ಗುಂಡಗಾದ ತಲೆ ಪೈಪ್ ರೆಂಚಿಗೂ ಸಿಗಲಿಲ್ಲ. ಕೊನೆಗೆ ಗ್ರೈಂಡರ್‌ನಲ್ಲಿ ಕತ್ತರಿಸಿ ತೆಗೆದ. ಹೋಗಿ ಬರುವ ಖರ್ಚು, ಕೂಲಿ, ಬೋಲ್ಟು ಎಲ್ಲಾ ಸೇರಿ 1,150 ರೂಪಾಯಿ. ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಸಿಗುವುದೇ ದಿನಕ್ಕೆ ಏಳು ಗಂಟೆ, ಅದರಲ್ಲಿ ಎರಡು ದಿನದ್ದು ಹೋಯಿತು. ಬೇಸಿಗೆಯಲ್ಲಿ ಹೊಂಬಾಳೆ ಬಿಟ್ಟ ಮರಕ್ಕೆ ನೀರು ತಪ್ಪಿದರೆ ಹರಳು ಉದುರುತ್ತದೆ ಎಂಬ ಭಯ ಅಡಿಕೆ ಬೆಳೆದವರಿಗೇ ಗೊತ್ತು.

ಆ ಮೆಕ್ಯಾನಿಕ್ ಒಂದು ಕೆಲಸ ಮಾಡಿ ತೋರಿಸಿದ. ಅವನ ಚೀಲದಿಂದ ಲೋಹ ಉಜ್ಜುವ ಅರ ತೆಗೆದು ನನ್ನ ಸ್ಪ್ಯಾನರ್‌ನ ಅಂಚಿನ ಮೇಲೆ ನಾಲ್ಕು ಸಲ ಎಳೆದ. ಮೇಲಿನ ಮೆರುಗು ಹೋದ ಮೇಲೆ ಅರ ಕಚ್ಚಿ ಹಿಡಿದು ಪುಡಿ ಉದುರಿಸತೊಡಗಿತು. ಆಮೇಲೆ ತನ್ನ ಹಳೇ ಸ್ಪ್ಯಾನರ್ ಮೇಲೆ ಎಳೆದ. ಮಸಿ ಹಿಡಿದು ಕಪ್ಪಾದ ಸ್ಪ್ಯಾನರ್ ಅದು. ಅರ ಸುಮ್ನೆ ಜಾರಿತು, ಕೀಚ್ ಎಂಬ ಸದ್ದು ಮಾತ್ರ. 'ನಿಮ್ಮದಕ್ಕೆ ಹದವೇ ಹಾಕಿಲ್ಲ ಅಣ್ಣ' ಅಂದ.

ಹದ ಅಂದರೆ ಏನು ಅಂತ ನಮಗೆ ಹೇಳಿಕೊಡಬೇಕಿಲ್ಲ. ಕುಡುಗೋಲು, ಕತ್ತಿ ತಟ್ಟಿಸಲು ಕುಲುಮೆಗೆ ಹೋದವರೆಲ್ಲ ನೋಡಿದ್ದೇವೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಉಕ್ಕು ಗಟ್ಟಿಯಾಗುತ್ತದೆ, ಆದರೆ ಹಾಗೇ ಬಿಟ್ಟರೆ ಗಾಜಿನ ಹಾಗೆ ಮುರಿಯುತ್ತದೆ. ಅದಕ್ಕೇ ಕಮ್ಮಾರ ಮತ್ತೆ ಹಗುರವಾಗಿ ಕಾಯಿಸಿ, ಅಂಚಿನ ಬಣ್ಣ ಬದಲಾಗುವುದನ್ನೇ ನೋಡುತ್ತಾ ನಿಂತು, ಸರಿಯಾದ ಗಳಿಗೆಗೆ ತಣಿಸುತ್ತಾನೆ. ಕಾರ್ಖಾನೆಯಲ್ಲೂ ಇದೇ ಕೆಲಸ. ಕಾದ ಉಕ್ಕನ್ನು ಅಚ್ಚಿನಲ್ಲಿ ಬಡಿದು, ಎಣ್ಣೆಗೆ ಅದ್ದಿ, ಆಮೇಲೆ ಒಲೆಯಲ್ಲಿ ಹದಕ್ಕೆ ತರುತ್ತಾರೆ. ಇದಕ್ಕೆ ಹೊತ್ತು ಬೇಕು, ಸೌದೆಯೋ ಗ್ಯಾಸೋ ಬೇಕು, ಪ್ರತಿ ಕಂತಿನಲ್ಲೂ ಒಂದೆರಡು ತೆಗೆದು ಗಡಸುತನ ಅಳೆಯುವವರು ಬೇಕು. ಬೆಲೆ ಇಳಿಸಬೇಕಾದಾಗ ಕಣ್ಣಿಗೆ ಕಾಣದ ಈ ಕೆಲಸಕ್ಕೇ ಮೊದಲು ಕತ್ತರಿ ಬೀಳುತ್ತದೆ. ಹೊಳಪು ಮಾತ್ರ ಉಳಿಯುತ್ತದೆ, ಯಾಕೆಂದರೆ ಅಂಗಡಿಯಲ್ಲಿ ನಿಂತವನಿಗೆ ಕಾಣುವುದು ಹೊಳಪು ಮಾತ್ರ. ನನ್ನ ಸ್ಪ್ಯಾನರ್ ಮೇಲೆ 'ಕ್ರೋಮ್ ವೆನೇಡಿಯಂ' ಎಂದು ಅಚ್ಚೂ ಇದೆ! ಅದು ಉಕ್ಕಿನ ಜಾತಿಯ ಹೆಸರು. ಉಕ್ಕು ನಿಜವಾಗಿ ಅದೇ ಇದ್ದರೂ ಹದ ಹಾಕದಿದ್ದರೆ ಪ್ರಯೋಜನವಿಲ್ಲ.

ಬಿಲ್ಲು, ಡಬ್ಬ ಹಿಡಿದು ಅಂಗಡಿಗೆ ಹೋದೆ. ಕೌಂಟರ್‌ನಲ್ಲಿದ್ದ ಹುಡುಗ ಒಳ್ಳೆಯವನೇ, ಮರ್ಯಾದೆಯಿಂದಲೇ ಮಾತಾಡಿದ. ಟೂಲ್ಸ್‌ಗೆ ಎಕ್ಸ್‌ಚೇಂಜ್ ಇಲ್ಲ ಸಾರ್, ಬಳಸಿಬಿಟ್ಟಿದ್ದೀರಲ್ಲ ಅಂದ. ಬಳಸದೆ ಇದು ಕೆಟ್ಟದ್ದು ಅಂತ ತಿಳಿಯುವುದು ಹೇಗೆ? ಮ್ಯಾನೇಜರ್ ಬಂದರು. ನಾವು ಮಾಡುವುದಲ್ಲ ಸಾರ್, ಮೇಲಿಂದ ಬರುತ್ತದೆ, ಮಾಡಿದವರನ್ನು ಕೇಳಬೇಕು ಅಂದರು. ಮಾಡಿದವರು ಯಾರು ಅಂತ ಡಬ್ಬ ತಿರುಗಿಸಿ ತಿರುಗಿಸಿ ನೋಡಿದೆವು. ಮಾರಾಟ ಮಾಡುವವರ ವಿಳಾಸ ಇತ್ತು, ಅದು ಇದೇ ಅಂಗಡಿಯ ಕಂಪನಿಯದು. ತಯಾರಿಸಿದವರ ಹೆಸರಿನ ಜಾಗದಲ್ಲಿ ಏನೂ ಇರಲಿಲ್ಲ.

ಇಲ್ಲಿಗೆ ನನ್ನ ಮುಖ್ಯ ಮಾತು. ಅಗ್ಗದ್ದು ಮಾರಬೇಡಿ ಅಂತ ನಾನು ಹೇಳುತ್ತಿಲ್ಲ. ಎಲ್ಲರ ಕೈಯಲ್ಲೂ ಜಾಸ್ತಿ ದುಡ್ಡು ಇರುವುದಿಲ್ಲ, ನನ್ನ ಕೈಯಲ್ಲೂ ಇಲ್ಲ. ಆದರೆ ತನ್ನ ಹೆಸರು ಹಾಕಿ ಮಾರುವ ಅಂಗಡಿ, ನಾವು ಮಾಡಿದ್ದಲ್ಲ ಅಂತ ಜಾರಿಕೊಳ್ಳುವ ಹಾಗಿಲ್ಲ. ಇದು ನನ್ನ ಸ್ವಂತ ಅಭಿಪ್ರಾಯ ಅಷ್ಟೇ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಯಾರಕ ಅಂದರೆ ಯಾರು ಅಂತ ಹೇಳಿರುವ ಜಾಗ ಓದಿ ನೋಡಿ. ಬೇರೆಯವರು ಮಾಡಿದ ಸರಕಿನ ಮೇಲೆ ತನ್ನ ಗುರುತು ಹಾಕುವವನೂ ತಯಾರಕನೇ ಅಂತ ಅದರಲ್ಲಿ ಇದೆ. ಅಂದರೆ ಕಾನೂನಿನ ಕಣ್ಣಲ್ಲಿ ಆ ಸ್ಪ್ಯಾನರ್ ಮಾಡಿದ್ದು ಅಂಗಡಿಯೇ. ಇದನ್ನು ನನಗೆ ಹೇಳಿದ್ದು ನಮ್ಮ ಊರಿನವರೇ ಆದ ಒಬ್ಬ ವಕೀಲರು. ಪ್ಯಾಕ್ ಮಾಡಿ ಮಾರುವ ಸಾಮಾನಿನ ಬಗ್ಗೆ 2011ರ ನಿಯಮಗಳೂ ಇವೆ. ತಯಾರಕರೋ ಪ್ಯಾಕ್ ಮಾಡಿದವರೋ ಆಮದು ಮಾಡಿದವರೋ, ಅವರ ಹೆಸರು ವಿಳಾಸ ಇರಬೇಕು. ಹೊರದೇಶದ್ದಾದರೆ ಯಾವ ದೇಶದ್ದು ಅಂತ ಇರಬೇಕು. ದೂರು ಹೇಳಲು ಒಂದು ಫೋನ್ ನಂಬರೂ ಇರಬೇಕು. ತೂಕ ಅಳತೆ ಇಲಾಖೆಯವರು ಸಂತೆಯಲ್ಲಿ ತಕ್ಕಡಿ ನೋಡುವ ಹಾಗೆ ಈ ಅಂಗಡಿಗಳ ಟೂಲ್ ಡಬ್ಬಗಳನ್ನೂ ಒಮ್ಮೆ ತಿರುಗಿಸಿ ನೋಡಬೇಕು.

ಅಂಗಡಿ ಹೆಸರಿನ ಟೂಲ್ ಅಂದರೆ ಕೆಟ್ಟದ್ದೇ ಆಗಬೇಕಿಲ್ಲ. ನನ್ನ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಅವನಿಗೆ ಫೋನಿನಲ್ಲಿ ಈ ಕಥೆ ಹೇಳಿದಾಗ ಅವನು ಸಿಯರ್ಸ್ ಅಂಗಡಿಯ ಕ್ರಾಫ್ಟ್ಸ್‌ಮನ್ ಎಂಬ ಹೆಸರಿನ ಟೂಲ್ ಬಗ್ಗೆ ಹೇಳಿದ. ಆ ಅಂಗಡಿ 1927ರಿಂದಲೇ ಬೇರೆ ಬೇರೆ ಕಾರ್ಖಾನೆಗಳಿಂದ ಮಾಡಿಸಿ ಆ ಹೆಸರಿನಲ್ಲಿ ಟೂಲ್ ಮಾರುತ್ತಿತ್ತಂತೆ. ಸ್ಪ್ಯಾನರ್ ಮುರಿದರೆ ಅಂಗಡಿಗೆ ಒಯ್ದು ಕೊಟ್ಟರಾಯಿತು, ಹೊಸದು ಕೊಡುತ್ತಿದ್ದರು. ಅಜ್ಜ ಕೊಂಡದ್ದನ್ನು ಮೊಮ್ಮಗ ಬದಲಾಯಿಸಿಕೊಂಡು ಬಂದದ್ದೂ ಉಂಟಂತೆ. ಈಗ ಆ ಹೆಸರು ಬೇರೆ ಕಂಪನಿಗೆ ಮಾರಾಟವಾಗಿದೆ. ಆದರೆ ಇವತ್ತಿಗೂ ಅಲ್ಲಿನ ಅಗ್ಗದ ಟೂಲ್ ಅಂಗಡಿಗಳು ಕೈ ಉಪಕರಣಕ್ಕೆ ಜೀವನಪೂರ್ತಿ ಗ್ಯಾರಂಟಿ ಕೊಡುತ್ತವೆ. ಬದಲಾಯಿಸಿ ಕೊಡಬೇಕು ಎಂಬ ಭಯ ಇದ್ದಾಗ ಅಂಗಡಿಯವನೇ ಕಾರ್ಖಾನೆಯವನ ಬೆನ್ನು ಹತ್ತಿ ಹದ ಹಾಕಿಸುತ್ತಾನೆ.

ನಮ್ಮಲ್ಲಿ ಮಾಡಲು ಬರುವುದಿಲ್ಲ ಅಂತಲೂ ಅಲ್ಲ. ಜಲಂಧರ್, ಲುಧಿಯಾನದಲ್ಲಿ ಮನೆಮನೆಯಲ್ಲಿ ಎನ್ನುವಷ್ಟು ಕೈ ಉಪಕರಣ ತಯಾರಾಗಿ ಹೊರದೇಶಕ್ಕೆ ಹೋಗುತ್ತವೆ. ಮೆಕ್ಯಾನಿಕ್‌ಗಳೆಲ್ಲ ಹೇಳುವ ಟಪಾರಿಯಾ ಕಂಪನಿ ನಾಸಿಕ್‌ನದು. 2025ರ ಏಪ್ರಿಲ್‌ನಲ್ಲಿ ನೀತಿ ಆಯೋಗ ಕೈ ಉಪಕರಣಗಳ ಮೇಲೇ ಒಂದು ವರದಿ ಕೊಟ್ಟಿತು. ಜಗತ್ತಿನ ಕೈ ಉಪಕರಣ ವ್ಯಾಪಾರದಲ್ಲಿ ನಮ್ಮ ಪಾಲು ನೂರಕ್ಕೆ ಎರಡೂ ಇಲ್ಲ, ಅದನ್ನು ಬಹಳ ಹೆಚ್ಚಿಸಬಹುದು ಅಂತ ಅದರಲ್ಲಿದೆ. ಒಳ್ಳೆಯದೇ, ಹೆಚ್ಚಲಿ. ಹೊರಗಿನವರಿಗೆ ಪರೀಕ್ಷೆ ಮಾಡಿ ಕಳಿಸುವಾಗ ನಮ್ಮ ಹಳ್ಳಿಯವರ ಕೈಗೆ ಬರುವುದನ್ನೂ ಪರೀಕ್ಷೆ ಮಾಡಲಿ. ಭಾರತೀಯ ಮಾನಕ ಬ್ಯೂರೊ ಸ್ಪ್ಯಾನರ್‌ಗೆ, ಪ್ಲೇಯರ್‌ಗೆ, ಸುತ್ತಿಗೆಗೆ, ಸ್ಕ್ರೂ ಡ್ರೈವರ್‌ಗೆ ಬೇರೆ ಬೇರೆ ಮಾನಕ ಬರೆದಿಟ್ಟು ಎಷ್ಟೋ ವರ್ಷವಾಯಿತು. ನಾನು ಕೊಂಡ ಡಬ್ಬದ ಮೇಲೆ ಅದರ ಸುಳಿವೇ ಇಲ್ಲ.

ಇನ್ನೊಂದು ವಿಷಯ, ಬೆರಳು ಕೆರೆದದ್ದಕ್ಕಿಂತ ದೊಡ್ಡದು. ಆ ಸೆಟ್‌ನಲ್ಲಿ ಪ್ಲೇಯರ್‌ಗೆ ಕೆಂಪು ಪ್ಲಾಸ್ಟಿಕ್ ಹಿಡಿ ಇದೆ. ಅದನ್ನು ನೋಡಿ ಶಾಕ್ ಹೊಡೆಯುವುದಿಲ್ಲ ಅಂತ ನಂಬಿ ಪಂಪಿನ ಸ್ಟಾರ್ಟರ್ ಡಬ್ಬಿಗೆ ಕೈ ಹಾಕುವವರು ನಮ್ಮಲ್ಲಿ ಎಷ್ಟು ಜನ! ಆ ಪ್ಲಾಸ್ಟಿಕ್ ಇರುವುದು ಹಿಡಿತಕ್ಕೆ, ಶಾಕ್ ತಡೆಯಲು ಅಲ್ಲ. ಕರೆಂಟ್ ಕೆಲಸದ ಟೂಲ್ ಮೇಲೆ ಎರಡು ತ್ರಿಕೋನದ ಗುರುತು, 1000 ವೋಲ್ಟ್ ಎಂಬ ಬರಹ, ಐಇಸಿ 60900 ಎಂಬ ಅಂತರರಾಷ್ಟ್ರೀಯ ಮಾನಕದ ಸಂಖ್ಯೆ ಇರುತ್ತದೆ. ಅದಿಲ್ಲದ್ದನ್ನು ಕರೆಂಟ್ ಇರುವ ಕಡೆ ಒಯ್ಯಲೇಬೇಡಿ. ಗುರುತು ಇದ್ದರೂ ಮೇನ್ ಆಫ್ ಮಾಡಿಯೇ ಕೈ ಹಾಕಿ. ಟೆಸ್ಟರ್ ಕಥೆಯೂ ಅಷ್ಟೇ. ಅದರೊಳಗೆ ಒಂದು ಪುಟ್ಟ ರೆಸಿಸ್ಟರ್ ಇರುತ್ತದೆ. ನಮ್ಮ ಮೈಯಲ್ಲಿ ಹೆಚ್ಚು ಕರೆಂಟ್ ಹರಿಯದ ಹಾಗೆ ತಡೆಯುವುದು ಅದೊಂದೇ. ಅದು ಕಳಪೆಯಾದರೆ ಉಳಿದದ್ದು ನಮ್ಮ ಬೆರಳು. ಸೆಟ್‌ನಲ್ಲಿದ್ದ ಟೆಸ್ಟರನ್ನು ನಾನು ಮುರಿದು ಎಸೆದೆ, ಮಕ್ಕಳ ಕೈಗೂ ಸಿಗದಿರಲಿ ಅಂತ.

ಹಾಗಾದರೆ ಆ ಅಂಗಡಿಯಲ್ಲಿ ಏನೂ ಕೊಳ್ಳಬಾರದಾ? ಕೊಳ್ಳಬಹುದು. ಅಲ್ಲಿಂದಲೇ ತಂದ ಹ್ಯಾಕ್ಸಾ ಫ್ರೇಮ್ ಚೆನ್ನಾಗಿದೆ. ಜೊತೆಗೆ ಬಂದ ಬ್ಲೇಡ್ ಬಿಸಾಡಿ ಒಳ್ಳೆ ಬ್ಲೇಡ್ ಹಾಕಿಕೊಂಡೆ, ಆಯಿತು. ಪೇಂಟ್ ಬ್ರಷ್, ಟೂಲ್ ಇಡುವ ಪೆಟ್ಟಿಗೆ ಇಂಥದ್ದಕ್ಕೆ ಜಾಸ್ತಿ ದುಡ್ಡು ಕೊಡಬೇಕಿಲ್ಲ. ಬಲ ಹಾಕಿ ತಿರುಗಿಸುವ, ಹೊಡೆಯುವ ಟೂಲ್‌ಗೆ ಮಾತ್ರ ಅಲ್ಲಿ ಉಳಿಸಲು ಹೋಗಬೇಡಿ. ಸುತ್ತಿಗೆಯ ತಲೆ ಹಾರಿದರೆ ಎದುರಿಗೆ ನಿಂತವರ ಗತಿ ಏನು? 12 ಸಾಮಾನಿನ ಡಬ್ಬದ ಬದಲು ನಮಗೆ ನಿಜವಾಗಿ ಬೇಕಾದ ಎರಡು ಮೂರು ಸ್ಪ್ಯಾನರ್ ಬಿಡಿಯಾಗಿ ಕೊಳ್ಳಬಹುದು. ನಮ್ಮ ಪಂಪಿಗೆ ಬೇಕಾದದ್ದು 13, 17, 19 ಅಷ್ಟೇ. ಅದರಲ್ಲೂ ರಿಂಗ್ ಸ್ಪ್ಯಾನರ್ ತಗೊಳ್ಳಿ, ಅದು ಬೋಲ್ಟ್‌ನ ತಲೆಯನ್ನು ಸುತ್ತಲೂ ಹಿಡಿಯುತ್ತದೆ, ಬಾಯಿ ತೆರೆದುಕೊಳ್ಳುವ ಪ್ರಶ್ನೆಯೇ ಇಲ್ಲ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಹೊಸ ಬೋಲ್ಟ್ ಇಟ್ಟುಕೊಂಡು ಹೋಗಿ. ಅಲ್ಲೇ ಹಾಕಿ ನೋಡಿ, ಅಲುಗಾಡಿದರೆ ವಾಪಸ್ ಇಟ್ಟುಬಿಡಿ. ಪ್ಲೇಯರ್ ಆದರೆ ಮುಚ್ಚಿ ಬೆಳಕಿಗೆ ಹಿಡಿಯಿರಿ, ಕತ್ತರಿಸುವ ಅಂಚಿನ ನಡುವೆ ಬೆಳಕು ಕಂಡರೆ ಅದು ತಂತಿ ಕತ್ತರಿಸುವುದಿಲ್ಲ, ಬರೀ ಜಜ್ಜುತ್ತದೆ.

ನಮ್ಮೂರಿನಲ್ಲಿ ಈ ಸೆಟ್ ಇರುವ ಮನೆಗಳಿಗೆಲ್ಲ ಹೋಗಿ ಅರ ಎಳೆದು ತೋರಿಸಿ ಬಂದಿದ್ದೇನೆ. ಒಬ್ಬರು ಬಿಲ್ಲು ಇಟ್ಟುಕೊಂಡಿದ್ದರು, ಉಳಿದವರು ಎಸೆದಿದ್ದರು. ದಯವಿಟ್ಟು ಬಿಲ್ಲು ಎಸೆಯಬೇಡಿ. 1915 ಎಂಬ ಗ್ರಾಹಕ ಸಹಾಯವಾಣಿ ಇದೆ, ಅದಕ್ಕೆ ಫೋನ್ ಮಾಡಿ ದೂರು ಹೇಳಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದವರೆಗಿನ ಸಾಮಾನಿಗೆ ಶುಲ್ಕವೇ ಇಲ್ಲ, ನಾವು ಇರುವ ಜಿಲ್ಲೆಯಲ್ಲೇ ಹಾಕಬಹುದು. 399 ರೂಪಾಯಿಗೆ ಯಾರು ಅಲೆಯುತ್ತಾರೆ ಅಂತ ಎಲ್ಲರೂ ಸುಮ್ಮನಾಗುತ್ತಾರೆ. ನಾನು ಸುಮ್ಮನಾಗಿಲ್ಲ. ಫೋನ್ ಮಾಡಿ ದೂರಿನ ಸಂಖ್ಯೆ ತಗೊಂಡಿದ್ದೇನೆ. ಬಾಯಿ ತೆರೆದ ಆ ಸ್ಪ್ಯಾನರ್, ಗುಂಡಗಾದ ಬೋಲ್ಟ್‌ನ ತಲೆ, ಬಿಲ್ಲು ಮೂರನ್ನೂ ಒಂದು ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ. ಅಂಗಡಿಯಿಂದ ಏನು ಉತ್ತರ ಬಂತು ಅಂತ ನಿಮ್ಮ ಪತ್ರಿಕೆಗೆ ಮತ್ತೆ ಬರೆಯುತ್ತೇನೆ.

ಒಬ್ಬ ಅಡಿಕೆ ಬೆಳೆಗಾರ
ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ